ಕೆಸುವಿನ ಎಲೆಯ ಅಚ್ಚು, ಗ್ಲೂಕೋಸ್ ನಳಿಗೆ: ಮಡಿಕೇರಿಯ ಇಳಿಜಾರಿನಲ್ಲಿ ಹಕ್ಕಿಗಳಿಗೊಂದು ನೀರಿನ ತಾಣ

ಮಡಿಕೇರಿಯ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಕಳೆದ ನವೆಂಬರಿನಿಂದ ಮೂರು ಕೆಲಸಗಳು ನಡೆದವು. ಒಂದು, ಹನಿ ಬೀಳುವ ನೀರಿನ ಬೋಗುಣಿ. ಎರಡು, ಅದನ್ನು ಕುಳಿತು ನೋಡಲು ಮರೆಗೂಡು. ಮೂರು, ಕಿಟಕಿಯ ಗಾಜಿಗೆ ಹಕ್ಕಿಗಳು ಬಡಿಯದಂತೆ ಹಗ್ಗದ ತೆರೆ. ಮೇ ಕೊನೆಗೆ ಒಂದು ಕಿಟಕಿ ಬಿಟ್ಟು ಉಳಿದೆಲ್ಲವೂ ಮುಗಿದಿದೆ. ಇದೇ ಬಗೆಯ ಮನೆ, ಇದೇ ಬಗೆಯ ಗುಡ್ಡ ಇರುವವರಿಗೆ ಉಪಯೋಗವಾಗಲೆಂದು ಅಳತೆ, ಖರ್ಚು, ಕೆಟ್ಟುಹೋದದ್ದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಕೊಡಗಿನಲ್ಲಿ ಹಕ್ಕಿಗಳಿಗೆ ನೀರಿಡುವ ಅಗತ್ಯವೇನು ಎಂದು ಕೇಳಿದವರು ಹಲವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗತ್ಯವಿಲ್ಲ, ನಿಜ. ಜನವರಿಯಿಂದ ಮೊದಲ ಬೇಸಿಗೆ ಮಳೆ ಬೀಳುವವರೆಗಿನ ಲೆಕ್ಕವೇ ಬೇರೆ. ಗದ್ದೆ ಒಣಗುತ್ತದೆ, ತೋಡಿನ ನೀರು ಕಲ್ಲುಗಳ ನಡುವೆ ಇಂಗುತ್ತದೆ, ಕಾಫಿ ಹೂವಿಗಾಗಿ ತೋಟದವರು ಸ್ಪ್ರಿಂಕ್ಲರ್ ಹಾಕಿದ ದಿನ ಮಾತ್ರ ಎಲೆಗಳ ಮೇಲೆ ನೀರು ಕಾಣುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬಂದ ವಲಸೆ ಹಕ್ಕಿಗಳು ಇನ್ನೂ ಇಲ್ಲೇ ಇರುವ ಕಾಲವೂ ಅದೇ. ಕಾಳು, ಅನ್ನ ಹಾಕಿದರೆ ಕಾಗೆ, ಗೊರವಂಕ, ಪಾರಿವಾಳಗಳಷ್ಟೇ ಹೆಚ್ಚುತ್ತವೆ. ನೀರಿಗಾದರೆ ಹುಳ ತಿನ್ನುವವೂ ಹಣ್ಣು ತಿನ್ನುವವೂ ಮಕರಂದ ಹೀರುವವೂ ಬರುತ್ತವೆ. ಹಾಗಾಗಿ ನಮ್ಮ ಹಿತ್ತಿಲಿನಲ್ಲಿ ಕಾಳಿನ ತಟ್ಟೆ ಇಲ್ಲ, ನೀರು ಮಾತ್ರ.

ನವೆಂಬರ್: ಜಾಗ ಹುಡುಕುವುದು

ಮನೆ ಸುಮಾರು 1,150 ಮೀಟರ್ ಎತ್ತರದಲ್ಲಿ, ದಕ್ಷಿಣಕ್ಕೆ ಇಳಿಯುವ ಗುಡ್ಡದ ಮೈಯಲ್ಲಿದೆ. ಪೂರ್ವಕ್ಕೆ ಕಾಫಿ ತೋಟ. ಅದರ ನೆರಳಿಗೆ ಹಾಲವಾಣ, ಸಿಲ್ವರ್ ಓಕ್, ಹಲಸು, ಆ ಮರಗಳಿಗೆ ಹಬ್ಬಿದ ಕರಿಮೆಣಸು. ದಕ್ಷಿಣಕ್ಕೆ ಇಳಿದರೆ ಗದ್ದೆ, ತೋಡು, ಬಿದಿರು ಮೆಳೆ. ಉತ್ತರಕ್ಕೆ ಒಂದು ಸಣ್ಣ ದೇವರಕಾಡು. ಪಶ್ಚಿಮಕ್ಕೆ ರಸ್ತೆ, ಮನೆಗಳು, ಹೋಂಸ್ಟೇಗಳು. ಐದು ನಿಮಿಷ ನಡೆದರೆ ನಾಲ್ಕು ಬಗೆಯ ನೆಲ ದಾಟಬಹುದು. ಗದ್ದೆಯ ಹುಂಡುಕೋಳಿ ದೇವರಕಾಡಿಗೆ ಹೋಗುವುದಿಲ್ಲ, ದೇವರಕಾಡಿನ ನೆಲಸಿಳ್ಳಾರ ಗದ್ದೆಗೆ ಇಳಿಯುವುದಿಲ್ಲ. ಬೋಗುಣಿಯನ್ನು ಎಲ್ಲಿಟ್ಟರೆ ಹೆಚ್ಚು ಬಗೆಯ ಹಕ್ಕಿಗಳಿಗೆ ಸಿಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕಿತ್ತು.

ಹೂಕುಂಡದ ಕೆಳಗಿಡುವ 30 ಸೆಂ.ಮೀ. ಅಗಲದ ಮಣ್ಣಿನ ತಟ್ಟೆಗಳನ್ನು ತಲಾ 60 ರೂಪಾಯಿಗೆ ತಂದು ನಾಲ್ಕು ಕಡೆ ಇಟ್ಟೆ. ಮನೆಯೆದುರಿನ ಬಯಲಿನಲ್ಲಿ ಇಟ್ಟದ್ದಕ್ಕೆ ಗೊರವಂಕ, ಕಾಗೆ, ಕೆಮ್ಮೀಸೆ ಪಿಕಳಾರ ಬಂದವು. ಬೇರೆ ಯಾವುದೂ ಇಲ್ಲ. ಗದ್ದೆಯಂಚಿನ ತಟ್ಟೆಯನ್ನು ಯಾವ ಹಕ್ಕಿಯೂ ಮೂಸಲಿಲ್ಲ, ಆಗ ತೋಡಿನಲ್ಲಿ ನೀರಿತ್ತು. ದಟ್ಟ ಕಾಫಿ ಗಿಡಗಳ ನಡುವಿನ ತಟ್ಟೆಯ ಬಳಿ ಪಿಕಳಾರದ ಗರಿಗಳು ಬಿದ್ದಿದ್ದವು. ಬೆಕ್ಕಿನ ಕೆಲಸ. ಅದನ್ನು ಆ ದಿನವೇ ತೆಗೆದೆ. ನಾಲ್ಕನೆಯದು ಕಾಫಿ ಮುಗಿದು ದೇವರಕಾಡು ಶುರುವಾಗುವ ಗೆರೆಯ ಮೇಲಿತ್ತು. ಅಲ್ಲಿಗೆ ಮಡಿವಾಳ, ಕಿತ್ತಳೆ ತಲೆಯ ನೆಲಸಿಳ್ಳಾರ, ಬೆಳ್ಗಣ್ಣಗಳ ಹಿಂಡು, ಹರಟೆಮಲ್ಲಗಳು ಬಂದವು. ಎರಡು ಬಗೆಯ ನೆಲ ಕೂಡುವ ಅಂಚಿನಲ್ಲಿ ಎರಡೂ ಕಡೆಯ ಹಕ್ಕಿಗಳು ಸಿಗುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಹಿತ್ತಿಲಿನಲ್ಲಿ ಆ ಅಂಚು ಇರುವುದು ಇಲ್ಲಿ ಎಂದು ತೋರಿಸಿಕೊಟ್ಟದ್ದು 240 ರೂಪಾಯಿಯ ಮಣ್ಣಿನ ತಟ್ಟೆಗಳು. ಸಿಮೆಂಟು ಕಲಸುವ ಮೊದಲು ಈ ಪರೀಕ್ಷೆ ಮಾಡಿ ಎಂದು ಯಾರಿಗಾದರೂ ಹೇಳುತ್ತೇನೆ.

ಗೆರೆ ಗೊತ್ತಾದ ಮೇಲೆ ದೂರಗಳನ್ನು ಅಳೆದೆ. ಹತ್ತಿರದ ಪೊದೆಯಿಂದ ಬೋಗುಣಿಗೆ ಎರಡೂವರೆ ಮೀಟರ್. ಇದಕ್ಕಿಂತ ಹತ್ತಿರವಾದರೆ ಬೆಕ್ಕು ಅಡಗಿ ಕುಳಿತು ಒಂದೇ ನೆಗೆತಕ್ಕೆ ಹಿಡಿಯುತ್ತದೆ, ಬಹಳ ದೂರವಾದರೆ ಶಿಕ್ರಾ ಎಂಬ ಸಣ್ಣ ಗಿಡುಗ ಎರಗಿದಾಗ ಸಣ್ಣ ಹಕ್ಕಿಗೆ ಓಡಿ ಸೇರಲು ಮರೆಯಿಲ್ಲ. ಮನೆಯ ಗಾಜಿನಿಂದ 14 ಮೀಟರ್. ಗಾಜಿನಿಂದ ಒಂದು ಮೀಟರಿನ ಒಳಗೆ ಇರಬೇಕು, ಇಲ್ಲವೇ ಹತ್ತು ಮೀಟರ್ ದಾಟಿರಬೇಕು. ನಡುವಿನ ದೂರದಲ್ಲಿ ಹಕ್ಕಿ ಹೆದರಿ ಹಾರಿದರೆ ಪೂರ್ಣ ವೇಗದಲ್ಲಿ ಗಾಜಿಗೆ ಬಡಿಯುತ್ತದೆ.

ಡಿಸೆಂಬರ್: ಪ್ಲಾಸ್ಟಿಕ್ ಟಬ್ಬು

ಅಂಗಡಿಯಲ್ಲಿ ಸಿಕ್ಕಿದ 15 ಸೆಂ.ಮೀ. ಆಳದ ಅಗಲ ಟಬ್ಬನ್ನು 180 ರೂಪಾಯಿಗೆ ತಂದು ಇಟ್ಟದ್ದು ಪೂರ್ತಿ ವಿಫಲ. ಪಿಕಳಾರಗಳು ಅಂಚಿನಲ್ಲಿ ಕುಳಿತು ಕೊಕ್ಕು ಅದ್ದಿ ಹೋದವು, ಒಂದೂ ನೀರಿಗೆ ಇಳಿಯಲಿಲ್ಲ. ಆಳ ಹೆಚ್ಚು, ತಳ ನುಣುಪು. ಬೆಳಗ್ಗೆ ನೋಡಿದರೆ ಜೇನುಹುಳುಗಳೂ ಒಂದು ಹಲ್ಲಿಯೂ ಸತ್ತು ತೇಲುತ್ತಿದ್ದವು. ಒಳಗೆ ಕಲ್ಲು ಜೋಡಿಸಿ ಆಳ ತಗ್ಗಿಸಲು ನೋಡಿದೆ. ಕಲ್ಲುಗಳ ಸಂದಿನಲ್ಲಿ ಪಾಚಿ ಕಟ್ಟಿತು. ತೊಳೆಯಬೇಕೆಂದರೆ ಪ್ರತಿ ಸಲವೂ ಕಲ್ಲುಗಳನ್ನೆಲ್ಲ ಹೊರಗೆ ತೆಗೆಯಬೇಕು. ಟಬ್ಬು ಈಗ ಬಟ್ಟೆ ನೆನೆಸಲು ಬಳಕೆಯಾಗುತ್ತಿದೆ.

ಇದರಿಂದ ಬೋಗುಣಿಯ ಅಳತೆ ಸ್ಪಷ್ಟವಾಯಿತು. ಅಂಚಿನಲ್ಲಿ ಒಂದು ಸೆಂ.ಮೀ., ನಡುವೆ ಹೆಚ್ಚೆಂದರೆ ಐದು ಸೆಂ.ಮೀ. ಆಳ. ನಡುವೆ ಎಲ್ಲಿಯೂ ಮೆಟ್ಟಿಲಿಲ್ಲದ ಇಳಿಜಾರು. ಕಾಲುಗುರು ಹಿಡಿಯುವಷ್ಟು ಒರಟು ತಳ. ಒಬ್ಬನೇ ಎತ್ತಿ ಮಗುಚಿ ತೊಳೆಯುವಷ್ಟು ತೂಕ.

ಜನವರಿ: ಎಲೆಯ ಅಚ್ಚು

ಒರಟು ತಳಕ್ಕೆ ಕೆಸುವಿನ ಎಲೆಗಿಂತ ಒಳ್ಳೆಯ ಅಚ್ಚು ನನಗೆ ತೋಚಲಿಲ್ಲ. ಎಲೆಯ ಹಿಂಭಾಗದ ನರಗಳು ಸಿಮೆಂಟಿನಲ್ಲಿ ಒತ್ತಿ ಬಿದ್ದರೆ ಅವೇ ಗೀರುಗಳಾಗುತ್ತವೆ. ತೋಡಿನ ಪಕ್ಕದಲ್ಲಿ ಬೆಳೆದ ಮರಿಕೆಸು ಸಾಲಲಿಲ್ಲ. ನೆರಳಿನ ಕೆಸರಿನಲ್ಲಿದ್ದ ಒಂದು ಬುಡದಲ್ಲಿ 60 ಸೆಂ.ಮೀ. ಉದ್ದದ ಎಲೆ ಸಿಕ್ಕಿತು. ಕೆಸುವಿನ ಹಾಲು ತಾಗಿದರೆ ಕೈ ತುರಿಸುತ್ತದೆ. ಪತ್ರೊಡೆ ಮಾಡುವ ಮನೆಯಲ್ಲಿ ಇದನ್ನು ಹೇಳಬೇಕಾಗಿಲ್ಲ, ಆದರೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಅಥವಾ ಕೈಗವಸು ಹಾಕಿಕೊಳ್ಳಿ.

ಮಾಡಿದ ಕ್ರಮ ಹೀಗೆ. ಒದ್ದೆ ಮರಳನ್ನು ನೆಲದ ಮೇಲೆ ಗುಡ್ಡೆ ಹಾಕಿ ನಡುವೆ ಐದು ಸೆಂ.ಮೀ. ಎತ್ತರ ಬರುವಂತೆ ಕರಣೆಯಿಂದ ತಟ್ಟಿ ದುಂಡಗೆ ಮಾಡಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಎಲೆ, ನರಗಳಿರುವ ಬದಿ ಮೇಲಕ್ಕೆ. ತೊಟ್ಟನ್ನು ಬುಡಕ್ಕೆ ಸಮನಾಗಿ ಕತ್ತರಿಸಿದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು. ತೂಕದಲ್ಲಿ ಸುಮಾರು 5 ಕೆ.ಜಿ. ಸಿಮೆಂಟು, 15 ಕೆ.ಜಿ. ಮರಳು. ನೀರು ಕಡಿಮೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿನಿಂದ ಸೋರಬಾರದು. ಅರ್ಧ ದಪ್ಪ ಹಾಕಿ, ಕೋಳಿಗೂಡಿನ ತಂತಿಬಲೆಯ ತುಂಡು ಹಾಸಿ, ಉಳಿದರ್ಧ ಹಾಕಿದೆ. ಮೇಲೆ ಕರಣೆಯಿಂದ ಒಂದು ಸಮತಟ್ಟಾದ ಕೂರುಪಟ್ಟಿ ಮಾಡಬೇಕು. ಮಗುಚಿದಾಗ ಅದೇ ಬೋಗುಣಿಯ ಬುಡ.

ಮೊದಲ ಅಚ್ಚು ಸೀಳಿತು. ಎರಡು ಕಾರಣ. ಅಂಚಿನಲ್ಲಿ ದಪ್ಪ ಒಂದೂವರೆ ಸೆಂ.ಮೀ.ಗೆ ಇಳಿದಿತ್ತು, ತಂತಿಬಲೆ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಜೊತೆಗೆ ಜನವರಿಯ ಒಣಗಾಳಿ. ಮುಚ್ಚಿದ್ದ ಗೋಣಿ ಮಧ್ಯಾಹ್ನದೊಳಗೆ ಒಣಗಿ, ಸಿಮೆಂಟು ಹದವಾಗುವ ಮೊದಲೇ ಬಿರಿದಿತ್ತು. ಎತ್ತುವಾಗ ಎಲೆಯ ತುದಿಯ ಭಾಗ ಕೈಯಲ್ಲೇ ಉಳಿಯಿತು. ಎರಡನೆಯದಕ್ಕೆ ಅಂಚಿನಲ್ಲೂ ಮೂರೂವರೆ ಸೆಂ.ಮೀ. ದಪ್ಪ, ಅಂಚಿನಿಂದ ಎರಡು ಬೆರಳು ಒಳಗಿನವರೆಗೂ ತಂತಿಬಲೆ. ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಕಲ್ಲು. ಬೆಳಗ್ಗೆ ಸಂಜೆ ನೀರು ಹಾಯಿಸಿ ಏಳು ದಿನ ಬಿಟ್ಟು ಮಗುಚಿದಾಗ ಗಟ್ಟಿಯಾಗಿ ಬಂತು. ತೂಕ ಇಪ್ಪತ್ತು ಕೆ.ಜಿ.ಗಿಂತ ತುಸು ಹೆಚ್ಚು. ಎಲೆ ಒಣಗಿ ಅಂಟಿಕೊಂಡಿತ್ತು. ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿದಾಗ ಒಂದೊಂದು ನರವೂ ಅಚ್ಚೊತ್ತಿದ್ದು ಕಂಡಿತು. ಮನೆಯವರೆಲ್ಲ ಬಂದು ಅದರ ಮೇಲೆ ಬೆರಳಾಡಿಸಿ ನೋಡಿದರು.

ಹೊಸ ಸಿಮೆಂಟಿನಿಂದ ಸುಣ್ಣದ ಕ್ಷಾರ ಬಿಡುತ್ತದೆ. ಕೂಡಲೇ ನೀರು ತುಂಬಿ ಹಕ್ಕಿಗಳಿಗೆ ಇಡಬಾರದು. ಟಬ್ಬಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ, ಮೇಲೆ ಬಿಳಿ ಪೊರೆ ಕಟ್ಟುವುದು ನಿಂತ ಮೇಲೆ ಹೊರಗೆ ತೆಗೆದೆ. ಬಣ್ಣ, ವಾರ್ನಿಷ್ ಯಾವುದನ್ನೂ ಹಚ್ಚಲಿಲ್ಲ.

ಕಟ್ಟಿದ ಜಾಗ

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ ಇಳಿಜಾರಿನ ಮಣ್ಣಿಗೆ ಗುದ್ದಲಿ ಹಾಕುವ ಯಾವ ಕೆಲಸಕ್ಕೂ ನಮ್ಮ ಮನೆಯಲ್ಲಿ ಒಪ್ಪಿಗೆ ಇಲ್ಲ. ಬೋಗುಣಿಗಾಗಿ ನೆಲ ಕಡಿಯಲಿಲ್ಲ. ಹಳೆಯ ಬೇಲಿಯಿಂದ ಕಿತ್ತ ಕಲ್ಲುಕಂಬವೊಂದು ಬಿದ್ದಿತ್ತು. ಅದನ್ನು 70 ಸೆಂ.ಮೀ. ಎತ್ತರ ಉಳಿಯುವಂತೆ, ಮೊದಲೇ ಇದ್ದ ಗುಂಡಿಯಲ್ಲಿ ನಿಲ್ಲಿಸಿ ಜಲ್ಲಿ ತುಂಬಿದೆ. ಮೇಲೆ ಬೋಗುಣಿ. ರಸಮಟ್ಟ ಇಟ್ಟು ನೋಡಿ, ಬೇಕೆಂದೇ ದಕ್ಷಿಣದ ಕಡೆಗೆ ಒಂದು ಬೆರಳು ವಾಲಿಸಿದೆ. ತುಂಬಿದ ನೀರು ಒಂದೇ ಕಡೆಯಿಂದ ಇಳಿಯಬೇಕು.

ಇಳಿದ ನೀರು ಎಲ್ಲೆಂದರಲ್ಲಿ ಮಣ್ಣಿಗೆ ಇಂಗಲು ಬಿಡಲಿಲ್ಲ. ನೇರ ಕೆಳಗೆ ನೆಲಮಟ್ಟದಲ್ಲಿ ಒಡೆದ ಮೊದಲ ಅಚ್ಚಿನ ದೊಡ್ಡ ತುಂಡನ್ನೇ ಅಡ್ಡಲಾಗಿ ಇಟ್ಟು, ಸುತ್ತ ಬೆಣಚುಕಲ್ಲು ಜೋಡಿಸಿದೆ. ಎರಡು ಸೆಂ.ಮೀ. ಆಳದ ನೆಲಬೋಗುಣಿಯಾಯಿತು. ಅದು ತುಂಬಿದ ಮೇಲೆ ಉಳಿದ ನೀರು ಬಿದಿರಿನ ದೋಣಿಯಲ್ಲಿ ಬಾಳೆಯ ಬುಡಕ್ಕೆ ಹೋಗುತ್ತದೆ. ಸೀಳಿಹೋದ ಆ ತುಂಡು ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತ ಭಾಗವಾಯಿತು. ಮೇಲಿನ ಬೋಗುಣಿಗೆ ಪಿಕಳಾರ, ಬೆಳ್ಗಣ್ಣ, ಕುಟ್ರಹಕ್ಕಿ. ಕೆಳಗಿನದಕ್ಕೆ ನೆಲದ ಮೇಲೆ ನಡೆಯುವವು: ನೆಲಸಿಳ್ಳಾರ, ಬೂದು ಸಿಪಿಲೆ, ಪಚ್ಚೆ ರೆಕ್ಕೆಯ ಬೆಳವ, ಒಂದು ಮುಂಜಾನೆ ಕಾಡುಕೋಳಿಯ ಹೇಂಟೆ. ಒಂದೇ ಎತ್ತರದಲ್ಲಿ ನೀರಿಟ್ಟಿದ್ದರೆ ಇವುಗಳಲ್ಲಿ ಅರ್ಧದಷ್ಟು ಹತ್ತಿರ ಸುಳಿಯುತ್ತಿರಲಿಲ್ಲ.

ಸ್ನಾನದ ರೀತಿಯೂ ಒಂದೊಂದಕ್ಕೆ ಒಂದೊಂದು. ಪಿಕಳಾರ ನೀರಿನಲ್ಲಿ ನಿಂತು ರೆಕ್ಕೆ ಬಡಿಯುತ್ತದೆ. ರಾಜಹಕ್ಕಿ, ಕಾಜಾಣ, ನೊಣಹಿಡುಕಗಳು ಕೊಂಬೆಯಿಂದ ಹಾರಿ ನೀರಿಗೆ ಎದೆ ತಾಗಿಸಿ ಮತ್ತೆ ಕೊಂಬೆಗೇ ಹೋಗುತ್ತವೆ. ಅವಕ್ಕಾಗಿ ಬೋಗುಣಿಯಿಂದ ಒಂದು ಮೀಟರ್ ಆಚೆ, ಒಂದೂವರೆ ಮೀಟರ್ ಎತ್ತರದಲ್ಲಿ ಒಣ ಕಾಫಿ ಕೊಂಬೆಯೊಂದನ್ನು ಕಟ್ಟಿದೆ. ಸೂರಕ್ಕಿ ಬೋಗುಣಿಗೆ ಇಳಿಯುವುದೇ ಅಪರೂಪ, ಒದ್ದೆ ಎಲೆಗಳಿಗೆ ಮೈ ಉಜ್ಜಿಕೊಳ್ಳುವುದು ಅದಕ್ಕೆ ಇಷ್ಟ. ಬಿದಿರಿನ ದೋಣಿಯ ಬಾಯಲ್ಲಿ ಅರಿಶಿನದ ಎಲೆಗಳು ಒದ್ದೆಯಾಗುವಂತೆ ಬಿಟ್ಟದ್ದು ಅದಕ್ಕಾಗಿ.

ಫೆಬ್ರವರಿ: ಹನಿ

ನಿಂತ ನೀರಿಗೂ ಹನಿ ಬೀಳುವ ನೀರಿಗೂ ಇರುವ ವ್ಯತ್ಯಾಸ ಕಂಡಮೇಲೆ ಹನಿಯಿಲ್ಲದೆ ನೀರಿಡುವ ಯೋಚನೆಯನ್ನೇ ಬಿಟ್ಟೆ. ಟಪ್ ಟಪ್ ಸದ್ದಿಗೆ ಮರದ ಮೇಲಿನ ಹಕ್ಕಿಗಳೂ ಬಗ್ಗಿ ನೋಡುತ್ತವೆ. ತೂತು ಮಾಡಿದ ಬಾಟಲಿಯನ್ನು ಮೊದಲು ತೂಗುಹಾಕಿದ್ದೆ. ಒಂದು ಗಂಟೆಯಲ್ಲಿ ಖಾಲಿ, ಇಲ್ಲವೇ ಪೂರ್ತಿ ಬಂದ್. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಹಾಕುವ ನಳಿಗೆಯೇ ಇದಕ್ಕೆ ಸರಿ. 40 ರೂಪಾಯಿ. ಅದರ ಗಾಲಿಯನ್ನು ತಿರುಗಿಸಿ ಹನಿಯ ವೇಗ ಹೊಂದಿಸಬಹುದು, ನಡುವಿನ ಪಾರದರ್ಶಕ ಕೋಣೆಯಲ್ಲಿ ಹನಿಗಳನ್ನು ಎಣಿಸಬಹುದು. ಸಾಮಾನ್ಯ ನಳಿಗೆಯಲ್ಲಿ 20 ಹನಿಗೆ ಒಂದು ಮಿ.ಲೀ. ನಿಮಿಷಕ್ಕೆ 60 ಹನಿ ಬಿಟ್ಟರೆ 12 ಗಂಟೆಗೆ ಎರಡು ಲೀಟರಿಗಿಂತ ತುಸು ಹೆಚ್ಚು. 20 ಲೀಟರಿನ ಕ್ಯಾನು, ರಾತ್ರಿ ನಿಲ್ಲಿಸಿದರೆ, ಒಂದು ವಾರ ದಾಟಿ ಬರುತ್ತದೆ.

ಗುಡ್ಡದ ಮನೆಯ ಒಂದು ಅನುಕೂಲ: ಕ್ಯಾನಿಗೆ ಎತ್ತರದ ಸ್ಟ್ಯಾಂಡು ಬೇಕಾಗಲಿಲ್ಲ. ಬೋಗುಣಿಗಿಂತ ಮೇಲಿನ ಮೆಟ್ಟಿನಲ್ಲಿರುವ ಸೌದೆಕೊಟ್ಟಿಗೆಯ ಸೂರಿನಡಿ ಇಟ್ಟರೆ ಎರಡು ಮೀಟರಿಗೂ ಹೆಚ್ಚು ಎತ್ತರ ತಾನೇ ಸಿಗುತ್ತದೆ. ನಳಿಗೆಯ ತುದಿಗೆ ಹನಿ ನೀರಾವರಿಯ 4 ಮಿ.ಮೀ. ಸಣ್ಣ ಪೈಪು ಸೇರಿಸಿದೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಒಂದರೊಳಗೊಂದು ಬಿಗಿಯಾಗಿ ಕೂರುತ್ತದೆ. ಪೈಪಿನ ಬಾಯಿ ನೀರಿನಿಂದ 80 ಸೆಂ.ಮೀ. ಮೇಲೆ.

ತೊಂದರೆಗಳು ಆಮೇಲೆ ಶುರುವಾದವು. ಮಧ್ಯಾಹ್ನದ ಹೊತ್ತಿಗೆ ಹನಿ ನಿಂತುಹೋಗುತ್ತಿತ್ತು. ನಳಿಗೆ ಕಟ್ಟಿಕೊಂಡಿದೆ ಎಂದು ಬಿಚ್ಚಿ ಊದಿದರೆ ಸರಿಯಾಗಿಯೇ ಇತ್ತು. ಪೈಪು ಎರಡು ಕಡೆ ಜೋತುಬಿದ್ದಿತ್ತು, ಬಿಸಿಲಿಗೆ ಅಲ್ಲಿ ಗಾಳಿಗುಳ್ಳೆ ಸೇರಿ ನೀರನ್ನು ತಡೆಯುತ್ತಿತ್ತು. ಸೀಳಿದ ಬಿದಿರಿನ ದಬ್ಬೆಗೆ ಪೈಪನ್ನು ಕಟ್ಟಿ, ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ಏರಿಲ್ಲದಂತೆ ಒಂದೇ ಇಳಿತ ಕೊಟ್ಟ ಮೇಲೆ ನಿಂತಿಲ್ಲ. ಮಾರ್ಚಿನಲ್ಲಿ ನಿಜವಾಗಿಯೂ ಕಟ್ಟಿಕೊಂಡಿತು. ಬಿಳಿ ಕ್ಯಾನಿನ ಒಳಗೆ ಪಾಚಿ ಬೆಳೆದಿತ್ತು. ಕ್ಯಾನಿಗೆ ಕಪ್ಪು ಬಟ್ಟೆ ಸುತ್ತಿ, ತುಂಬುವಾಗ ಹತ್ತಿ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೇನೆ. ನಳಿಗೆ ಬಿಸಿಲಿಗೆ ಹಳದಿಯಾಗಿ ಗಡುಸಾಗುತ್ತದೆ, ಗಾಲಿ ಬಿಗಿ ಹಿಡಿಯುವುದಿಲ್ಲ. ಒಂದು ಬೇಸಿಗೆಗೆ ಎರಡು ನಳಿಗೆ ಎಂದು ಲೆಕ್ಕ ಇಟ್ಟುಕೊಳ್ಳಿ.

ಮಾರ್ಚ್: ಮಂಗ, ಜೇನು, ಬೆಕ್ಕು

ಮಂಗಗಳ ಹಿಂಡು ಬಂದು ಕ್ಯಾನನ್ನು ಉರುಳಿಸಿ ನೀರೆಲ್ಲ ಚೆಲ್ಲಿತು. ಕಟ್ಟುತಂತಿಯಿಂದ ಕೊಟ್ಟಿಗೆಯ ಕಂಬಕ್ಕೆ ಬಿಗಿದೆ. ಬೋಗುಣಿಯನ್ನು ಅವು ಅಲ್ಲಾಡಿಸಲಾಗಲಿಲ್ಲ, ತೂಕ ಅಲ್ಲಿ ಕೆಲಸಕ್ಕೆ ಬಂತು. ಮಂಗಗಳು ನೀರು ಕುಡಿಯುವುದನ್ನು ತಡೆಯುವ ಯೋಚನೆ ಮಾಡಲಿಲ್ಲ. ಅವಕ್ಕೂ ಅದೇ ಒಣ ತಿಂಗಳು.

ತುಡುವೆ ಜೇನಿನದ್ದು ದೊಡ್ಡ ಸಮಸ್ಯೆ. ಪಕ್ಕದ ತೋಟದಲ್ಲಿ ಜೇನುಪೆಟ್ಟಿಗೆಗಳಿವೆ. ಬಿಸಿಲು ಏರಿದಂತೆ ಬೋಗುಣಿಯ ಅಂಚಿನ ಸುತ್ತ ಹುಳುಗಳು ಎಷ್ಟು ಕೂರುತ್ತಿದ್ದವೆಂದರೆ ಹಕ್ಕಿಗಳು ಕೊಂಬೆಯ ಮೇಲೆ ಕಾದು ವಾಪಸಾಗುತ್ತಿದ್ದವು. ಓಡಿಸುವ ಬದಲು ಅವಕ್ಕೆ ಬೇರೆ ಜಾಗ ಮಾಡಿದೆ. ಉಳಿದಿದ್ದ ಮಣ್ಣಿನ ತಟ್ಟೆಯಲ್ಲಿ ತೆಂಗಿನ ನಾರು, ಪಾಚಿ ತುಂಬಿ, ನೀರು ಮೇಲೆ ಕಾಣದಷ್ಟು ಒದ್ದೆ ಮಾಡಿ, ಜೇನುಪೆಟ್ಟಿಗೆಗಳ ಕಡೆಗಿನ ಬೇಲಿಯ ಬಳಿ ಬಿಸಿಲಿನಲ್ಲಿ ಇಟ್ಟೆ. ಮೊದಲ ದಿನ ಅತ್ತ ಸುಳಿಯಲಿಲ್ಲ. ಬೋಗುಣಿಯನ್ನು ಒಂದು ಇಡೀ ದಿನ ಒಣಗಿಸಿದ ಮೇಲೆ ದಾರಿ ಬದಲಿಸಿದವು. ಒದ್ದೆ ನಾರಿನ ಮೇಲೆ ನಿಂತು ಕುಡಿಯುವುದರಿಂದ ಒಂದೂ ಮುಳುಗಿ ಸಾಯುವುದಿಲ್ಲ.

ಬೆಕ್ಕಿಗೆ ನಿಂಬೆಯ ಮುಳ್ಳುಕೊಂಬೆಗಳೇ ಮದ್ದು. ನೆಲಬೋಗುಣಿಯಿಂದ ಒಂದು ಮೀಟರ್ ಆಚೆ ಪೊದೆಯ ಕಡೆಗೆ ಅರ್ಧವೃತ್ತವಾಗಿ ಹಾಸಿದೆ. ಹಕ್ಕಿಗಳಿಗೆ ಮೇಲಿನಿಂದ ಇಳಿಯಲು ಅಡ್ಡಿಯಿಲ್ಲ. ಕೊಂಬೆಗಳು ಒಣಗಿ ಕುಸಿದಾಗ ಹೊಸದನ್ನು ಹಾಕಲೇಬೇಕು. ಇದು ಮುಗಿಯದ ಕೆಲಸ.

ಸೊಳ್ಳೆಯ ಬಗ್ಗೆ ನೆರೆಯವರು ಎತ್ತಿದ ಆತಂಕ ನ್ಯಾಯವಾದದ್ದು. ಎರಡು ದಿನಕ್ಕೊಮ್ಮೆ ಎರಡೂ ಬೋಗುಣಿಗಳನ್ನು ಖಾಲಿ ಮಾಡಿ ತೆಂಗಿನ ನಾರಿನಿಂದ ಉಜ್ಜಿ ಹೊಸ ನೀರು ಹಾಕುತ್ತೇವೆ. ಮೊಟ್ಟೆ ಮರಿಯಾಗಿ ಸೊಳ್ಳೆಯಾಗಿ ಏಳಲು ಒಂದು ವಾರವಾದರೂ ಬೇಕು, ಅಷ್ಟು ಅವಕಾಶ ಸಿಗುವುದಿಲ್ಲ. ಸೋಪು ಹಾಕುವುದಿಲ್ಲ. ತಿಂಗಳಿಗೊಮ್ಮೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಜಾಲಿಸಿ ಬಿಸಿಲಿಗೆ ಒಣಗಿಸುತ್ತೇವೆ. ಇಷ್ಟು ಮಾಡಲಾಗದಿದ್ದರೆ ನೀರಿಡದಿರುವುದೇ ಮೇಲು. ಕೊಳೆತ ನೀರಿನಲ್ಲಿ ಹಕ್ಕಿಯಿಂದ ಹಕ್ಕಿಗೆ ರೋಗ ಹರಡುತ್ತದೆ.

ಮರೆಗೂಡು

ನೀರಿನಿಂದ ಐದು ಮೀಟರ್ ದೂರದಲ್ಲಿ, ಮೊದಲೇ ಸಮತಟ್ಟಾಗಿದ್ದ ಜಾಗದಲ್ಲಿ, 1.2 ಮೀಟರ್ ಉದ್ದಗಲ, 1.6 ಮೀಟರ್ ಎತ್ತರದ ಬಿದಿರಿನ ಗೂಡು. ಪಕ್ಕದ ತೋಟದ ಹಿರಿಯರೊಬ್ಬರು, “ಕಡಿದ ಕೂಡಲೇ ನೆಡಬೇಡಪ್ಪ, ಹುಳ ಹಿಡಿಯುತ್ತದೆ. ತೋಡಿನಲ್ಲಿ ಚೆನ್ನಾಗಿ ನೆನೆಯಲಿ, ಆಮೇಲೆ ನೆರಳಿನಲ್ಲಿ ಒಣಗಿಸು” ಎಂದಿದ್ದರು. ತೋಡಿನಲ್ಲಿ ವಾರಗಟ್ಟಲೆ ಮುಳುಗಿಸಿದ ಬಿದಿರಿನಲ್ಲಿ ಈವರೆಗೆ ಪುಡಿ ಉದುರಿಲ್ಲ. ಅವಸರಕ್ಕೆಂದು ಹಸಿಯಾಗಿಯೇ ನೆಟ್ಟ ಒಂದು ಕಂಬದ ಬುಡದಲ್ಲಿ ಹಿಟ್ಟಿನಂಥ ಪುಡಿ ದಿನವೂ ಬೀಳುತ್ತಿದೆ, ಅದನ್ನು ಬದಲಿಸಬೇಕು.

ಹೊದಿಕೆಗೆ ಹಸಿರು ನೆರಳುಬಲೆ ತಂದದ್ದು 280 ರೂಪಾಯಿ ನಷ್ಟ. ಗಾಳಿಗೆ ಪಟಪಟ ಬಡಿದು ಹಕ್ಕಿಗಳನ್ನು ಓಡಿಸಿತು. ಹಿಂದಿನಿಂದ ಬೆಳಕು ಬಿದ್ದರೆ ಒಳಗೆ ಕುಳಿತವರ ನೆರಳೂ ಕಾಣುತ್ತಿತ್ತು. ಕಾಫಿಯ ಹಳೆಯ ಗೋಣಿಗಳನ್ನು ಬಿಚ್ಚಿ ಹೊಲಿದು ಬಿಗಿದಾಗ ಎರಡೂ ತೊಂದರೆ ತಪ್ಪಿದವು. ಹಿಂಬದಿಗೆ ಹಳೆಯ ಕಪ್ಪು ಕಂಬಳಿ. ನೋಡುವ ಸಂದು 40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ನೆಲದಿಂದ 110 ಸೆಂ.ಮೀ. ಎತ್ತರದಲ್ಲಿ. ಇದು ಸ್ಟೂಲಿನ ಮೇಲೆ ಕುಳಿತ ದೊಡ್ಡವರ ಕಣ್ಣಿನ ಮಟ್ಟ. ಮಕ್ಕಳಿಗಾಗಿ 80 ಸೆಂ.ಮೀ.ನಲ್ಲಿ ಇನ್ನೊಂದು. ಕಟ್ಟಿದ ಮೇಲೆ ಸ್ವಲ್ಪ ಕಾಲ ಯಾರೂ ಒಳಗೆ ಹೋಗಲಿಲ್ಲ. ಹಕ್ಕಿಗಳು ಅದಕ್ಕೆ ಒಗ್ಗಬೇಕು.

ಇಲ್ಲಿ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಿಲ್ಲ. ಮರಿ ಮಾಡುವ ತಿಂಗಳುಗಳಲ್ಲಿ ಗಂಡುಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕಿ ಗೂಡು ಬಿಟ್ಟು ಅಲೆಯುತ್ತದೆ. ಹೋಂಸ್ಟೇಗೆ ಬಂದ ಅತಿಥಿಗಳು ಕೇಳಿದಾಗಲೂ ಇದನ್ನೇ ಹೇಳುತ್ತೇವೆ, ಒಪ್ಪದವರು ಕಡಿಮೆ.

ಜನಸಾಮಾನ್ಯರೇ ಹಕ್ಕಿಗಳನ್ನು ಎಣಿಸಿ ದಾಖಲಿಸುವ, ಫೆಬ್ರವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಹೊತ್ತಿಗೆ ಮರೆಗೂಡು ಪೂರ್ತಿಯಾಗಿರಲಿಲ್ಲ, ಸೌದೆಕೊಟ್ಟಿಗೆಯಿಂದಲೇ ಎಣಿಸಿದೆವು. ಒಂದೇ ಕಡೆ ಹದಿನೈದು ನಿಮಿಷ ಕುಳಿತು ಕಂಡದ್ದನ್ನು ಬರೆದು, ಹಕ್ಕಿಪಟ್ಟಿಗಳನ್ನು ಸೇರಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿದರಾಯಿತು. ಗದ್ದೆ, ತೋಟ, ದೇವರಕಾಡು, ಮನೆಯಂಗಳಕ್ಕೆ ಬೇರೆ ಬೇರೆ ಪಟ್ಟಿ ಇಡುವುದು ಒಳ್ಳೆಯದು. ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿದರೆ ಯಾವ ಹಕ್ಕಿ ಯಾವ ನೆಲದ್ದು ಎಂಬ ಮುಖ್ಯ ಸಂಗತಿಯೇ ಅಳಿಸಿಹೋಗುತ್ತದೆ.

ಏಪ್ರಿಲ್: ಗಾಜು

ಮನಸ್ಸಿಗೆ ಅತ್ಯಂತ ಭಾರವಾದ ಭಾಗ ಇದು. ಕಣಿವೆ ಕಾಣಲೆಂದು ಗುಡ್ಡದ ಮನೆಗಳಿಗೆಲ್ಲ ಈಗ ದೊಡ್ಡ ಗಾಜುಗಳು. ಆ ಗಾಜಿನಲ್ಲಿ ಆಕಾಶವೂ ಕಾಫಿ ತೋಟವೂ ಹಾಗೆಯೇ ಕಾಣುತ್ತವೆ. ತೋಟದ ನಡುವೆ ತಗ್ಗಿನಲ್ಲಿ ವೇಗವಾಗಿ ಹಾರುವ ಪಚ್ಚೆ ರೆಕ್ಕೆಯ ಬೆಳವ ಮುಂದೆ ದಾರಿಯಿದೆ ಎಂದೇ ಬಂದು ಬಡಿಯುತ್ತದೆ. ನಮ್ಮ ಪೂರ್ವದ ಕಿಟಕಿಯ ಕೆಳಗೆ ಬಿದ್ದ ಬೆಳವದ ರೆಕ್ಕೆಯ ಹಸಿರು, ಸತ್ತ ಮೇಲೂ ಬಿಸಿಲಿಗೆ ಹೊಳೆಯುತ್ತಿತ್ತು. ಹಕ್ಕಿಗಳನ್ನು ಹಿತ್ತಿಲಿಗೆ ಕರೆದು ಗಾಜನ್ನು ಹಾಗೆಯೇ ಬಿಡುವುದು ಸರಿಯಲ್ಲ.

ಗಿಡುಗನ ಆಕಾರದ ಸ್ಟಿಕ್ಕರು ಅಂಟಿಸಿದರೆ ಉಪಯೋಗವಾಗಲಿಲ್ಲ, ಸ್ಟಿಕ್ಕರಿನ ಪಕ್ಕದಲ್ಲೇ ಬಡಿದವು. ಒಳಗಿನ ಪರದೆ ಎಳೆದರೂ ಅಷ್ಟೇ, ಪ್ರತಿಬಿಂಬ ಹೊರಮೈಯಲ್ಲಿದೆ. ಗುರುತುಗಳು ಹೊರಗೇ ಇರಬೇಕು, ಇಡೀ ಗಾಜನ್ನು ಆವರಿಸಬೇಕು.

ಕಿಟಕಿ 1.8 ಮೀಟರ್ ಅಗಲ, 1.5 ಮೀಟರ್ ಎತ್ತರ. ಮೇಲಿನ ಚೌಕಟ್ಟಿಗೆ ಮರದ ರೀಪು ಹೊಡೆದು, 10 ಸೆಂ.ಮೀ.ಗೊಂದರಂತೆ ತೂತು ಕೊರೆದು, 3 ಮಿ.ಮೀ. ನೈಲಾನ್ ಹಗ್ಗದ 19 ಎಳೆಗಳನ್ನು ಇಳಿಬಿಟ್ಟೆ. ಏಪ್ರಿಲಿನ ಗುಡುಗುಗಾಳಿಗೆ ಎಲ್ಲವೂ ಜಡೆಯಾದವು. ಕೆಳಗೂ ಒಂದು ರೀಪು ಕೊಟ್ಟು ತುಸು ಸಡಿಲವಾಗಿ ಕಟ್ಟಿದೆ. ಬೆಳವಗಳು ಬಡಿಯುವುದು ನಿಂತಿತು, ಆದರೆ ಬೆಳ್ಗಣ್ಣವೊಂದು ಎಳೆಗಳ ನಡುವೆ ನುಗ್ಗಿ ಗಾಜಿಗೆ ತಾಗಿತು. ಅಷ್ಟು ಸಣ್ಣ ಹಕ್ಕಿಗೆ 10 ಸೆಂ.ಮೀ. ಅಗಲವಾದ ಬಾಗಿಲೇ. ನಡುವೆ ಇನ್ನೊಂದೊಂದು ಎಳೆ ಸೇರಿಸಿ 5 ಸೆಂ.ಮೀ. ಅಂತರಕ್ಕೆ ತಂದೆ. ಒಟ್ಟು 37 ಎಳೆ, 60 ಮೀಟರಿನಷ್ಟು ಹಗ್ಗ. ಆಮೇಲೆ ಆ ಕಿಟಕಿಯ ಕೆಳಗೆ ಬಿದ್ದ ಹಕ್ಕಿ ಸಿಕ್ಕಿಲ್ಲ. ಒಳಗಿನಿಂದ ಕಣಿವೆ ಮೊದಲಿನಂತೆಯೇ ಕಾಣುತ್ತದೆ, ಎರಡು ದಿನದಲ್ಲಿ ಎಳೆಗಳು ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ.

ಆ ಬೆಳ್ಗಣ್ಣ ಬದುಕಿತು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಮುಚ್ಚಿ, ಕತ್ತಲೆಯಲ್ಲಿ, ಸದ್ದಿಲ್ಲದ ಕೋಣೆಯಲ್ಲಿ ಇಟ್ಟೆವು. ಬಾಯಿಗೆ ನೀರು ಬಿಡಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಗಂಟೆ ಕಳೆದು ಒಳಗೆ ಪರಪರ ಸದ್ದು ಕೇಳಿದಾಗ ಪೆಟ್ಟಿಗೆಯನ್ನು ಹೊರಗೆ ಒಯ್ದು ತೆರೆದೆವು. ನೇರ ಹಲಸಿನ ಮರಕ್ಕೆ ಹೋಯಿತು.

ಖರ್ಚು

ನೀರಿನ ಭಾಗಕ್ಕೆ 980 ರೂಪಾಯಿ: ಮಣ್ಣಿನ ತಟ್ಟೆ 240, ಟಬ್ಬು 180, ಎರಡು ಅಚ್ಚುಗಳಿಗೆ ಬಿಡಿ ಸಿಮೆಂಟು 100, ತಂತಿಬಲೆ 90, ನಳಿಗೆ ಎರಡು 80, ಕ್ಯಾನು 250, ಸಣ್ಣ ಪೈಪು 40. ಮರಳು, ಕಲ್ಲುಕಂಬ ಮನೆಯಲ್ಲೇ ಇದ್ದವು. ಮರೆಗೂಡಿಗೆ 750: ದಂಡವಾದ ನೆರಳುಬಲೆ 280, ತೆಂಗಿನ ಹಗ್ಗ 120, ಮೇಲೆ ಹೊದಿಸಿದ ಟಾರ್ಪಾಲು 350. ಕಿಟಕಿಗೆ 660: ಹಗ್ಗ 260, ರೀಪು 300, ಕೊಕ್ಕೆ ಮೊಳೆ 100. ಒಟ್ಟು 2,390 ರೂಪಾಯಿ. ಟಬ್ಬು, ನೆರಳುಬಲೆ ಬಿಟ್ಟು ಮಾಡುವವರಿಗೆ ಎರಡು ಸಾವಿರದೊಳಗೆ ಮುಗಿಯುತ್ತದೆ.

ಮೇ ಕೊನೆ

ಸಂಜೆ ಮಳೆ ಶುರುವಾಗಿದೆ. ಬೂದು ಸಿಪಿಲೆಗಳು ಹೋಗಿ ಬಹಳ ದಿನವಾಯಿತು, ಬೆಳಕು ಹರಿಯುವ ಮೊದಲು ತೋಡಿನ ಕಡೆಯಿಂದ ಸರಳೆ ಸಿಳ್ಳಾರದ ಉದ್ದನೆಯ ಸಿಳ್ಳು ಕೇಳುತ್ತಿದೆ. ಮರೆಗೂಡಿನೊಳಗೆ ಇಂಬಳಗಳು ಬಂದಿವೆ. ಗೋಣಿಗಳನ್ನು ಬಿಚ್ಚಿ ಒಣಗಿಸಿ ಅಟ್ಟಕ್ಕೆ ಹಾಕಿದ್ದೇವೆ. ನಳಿಗೆ, ಪೈಪು, ಕ್ಯಾನು ಕೊಟ್ಟಿಗೆಯೊಳಗೆ. ಬೋಗುಣಿಯನ್ನು ಕಂಬದ ಮೇಲೆಯೇ ಮಗುಚಿ ಇಟ್ಟಿದ್ದೇನೆ, ಮಳೆನೀರು ನಿಂತು ಸೊಳ್ಳೆಯಾಗಬಾರದು. ಬಾಳೆಯ ಬುಡಕ್ಕೆ ಹೋಗುವ ದೋಣಿಯನ್ನು ಮಳೆಗಾಲದ ಚರಂಡಿಯ ಕಡೆಗೆ ತಿರುಗಿಸಿದೆ.

ಬಾಕಿ ಇರುವುದು ಮಹಡಿಯ ಮೆಟ್ಟಿಲಿನ ಪಕ್ಕದ ಪಶ್ಚಿಮದ ಕಿಟಕಿ. ಅದರ ಹೊರಗೆ ಇಳಿಜಾರು ಇರುವುದರಿಂದ ಏಣಿ ನಿಲ್ಲುವುದಿಲ್ಲ, ಕಟ್ಟಿಗೆಯ ಅಟ್ಟಣೆ ಕಟ್ಟಬೇಕು. ಒದ್ದೆ ನೆಲದಲ್ಲಿ ಆ ಕೆಲಸ ಬೇಡವೆಂದು ಅಕ್ಟೋಬರಿಗೆ ಮುಂದೂಡಿದ್ದೇವೆ. ಅಲ್ಲಿಯವರೆಗೆ ಹೊರಗಾಜಿನ ಮೇಲೆ, ಮಹಡಿಯ ಕಿಟಕಿಯಿಂದ ಕೈಗೆಟಕುವಷ್ಟು ಭಾಗಕ್ಕೆ, 5 ಸೆಂ.ಮೀ. ಅಂತರದಲ್ಲಿ ಸೋಪಿನ ಗೆರೆಗಳನ್ನು ಎಳೆದಿದ್ದೇನೆ. ಜೋರು ಮಳೆಗೆ ಅವು ಅಳಿಸಿಹೋಗುತ್ತವೆ, ಹೊಳವಾದಾಗ ಮತ್ತೆ ಎಳೆಯಬೇಕು.